ವಾಚಿನ ಮುಚ್ಚಳ: ಮೂರನೇ ವಾರದ ಲೆಕ್ಕ

ವಾಚಿನ ಹಿಂಬದಿಯ ಮುಚ್ಚಳ ತೆಗೆದು ಮುಚ್ಚುವುದನ್ನು ಕಲಿಯುತ್ತಿದ್ದೇನೆ. ಇಲ್ಲಿಯವರೆಗೆ ತೆಗೆದ ಮುಚ್ಚಳ 7. ಮುಚ್ಚಿ ಮತ್ತೆ ಕೈಗೆ ಕಟ್ಟುವ ಹಾಗಾಗಿದ್ದು 6. ಉಳಿದ ಒಂದರ ಕಥೆ ಆಮೇಲೆ.

ಶನಿವಾರ ಅಪ್ಪನ ಹಳೇ ಎಚ್‌ಎಂಟಿ ಹಿಡಿದು ಕೂತೆ. ಒತ್ತಿ ಕೂರಿಸುವ ಮುಚ್ಚಳ. ಅಂಚಿನ ಸುತ್ತ ಬೆವರೂ ಧೂಳೂ ಸೇರಿ ಕಪ್ಪು ಮೇಣದ ಹಾಗೆ ಗಟ್ಟಿಯಾಗಿತ್ತು. ದಾವಣಗೆರೆ ಬಿಸಿಲಲ್ಲಿ ಮಂಡಿಪೇಟೆ ಸುತ್ತಿದ ಕೈ, ಇನ್ನೇನಾಗುತ್ತೆ ಅಲ್ವಾ? ಹಲ್ಲುಕಡ್ಡಿಯಲ್ಲಿ ಕೆರೆಯಲಿಕ್ಕೇ ಕಾಲು ಗಂಟೆ ಹಿಡಿಯಿತು. ಕೊಳೆ ಹೋದ ಮೇಲೆ ಒಂದು ಕಡೆ ಉಗುರು ಸಿಗುವಷ್ಟು ಸಣ್ಣ ಸಂದು ಕಂಡಿತು. ಚಾಕು ಹಾಕುವುದು ಅಲ್ಲಿಗೆ ಮಾತ್ರ. ಪಕ್ಕದ ಲೋಹಕ್ಕೆ ಟೇಪ್ ಅಂಟಿಸಿದೆ. ಚಾಕುವನ್ನು ಒಳಗೆ ತಳ್ಳಿದರೆ ಜಾರಿ ಬೆರಳಿಗೋ ಮಷೀನಿಗೋ ಏಟು ಗ್ಯಾರಂಟಿ. ತುದಿಯನ್ನು ಸಂದಿನಲ್ಲಿ ಕೂರಿಸಿ ಮೆಲ್ಲಗೆ ತಿರುಚಿದೆ. ಟಕ್ ಅಂತ ಎದ್ದು ಬಂತು.

ಮುಚ್ಚುವಾಗ ಎರಡು ಸಲ ಒತ್ತಿದರೂ ಕೂರಲಿಲ್ಲ. ತಿರುಗಿಸಿ ನೋಡಿದರೆ ಮುಚ್ಚಳದ ಒಳ ಅಂಚಿನಲ್ಲಿ ಒಂದು ಕಚ್ಚು. ಕೀ ಗುಂಡಿಯ ಕಡ್ಡಿ ಒಳಗೆ ಹೋಗುವ ಜಾಗಕ್ಕೆ ಅದು ಸರಿಯಾಗಿ ಬರಬೇಕು. ಇನ್ನೂ ಜೋರಾಗಿ ಒತ್ತಿದ್ದರೆ ಕಡ್ಡಿಯೇ ಬಾಗುತ್ತಿತ್ತು. ಕಚ್ಚು ಹೊಂದಿಸಿದೆ, ಹೆಬ್ಬೆರಳಿಗೇ ಕೂತಿತು.

ತಿರುಪಿನ ಮುಚ್ಚಳ ಇದಕ್ಕಿಂತ ಸುಲಭ. ಮಗಳ ರಬ್ಬರ್ ಚೆಂಡನ್ನು ಗಟ್ಟಿಯಾಗಿ ಒತ್ತಿ ಎಡಕ್ಕೆ ತಿರುಗಿಸಿದರೆ ಎಷ್ಟೋ ಸಲ ಸಡಿಲವಾಗುತ್ತದೆ, ಗೀರೂ ಬೀಳಲ್ಲ. ಚೆಂಡು ಇನ್ನೂ ವಾಪಸ್ ಕೊಟ್ಟಿಲ್ಲ.

ಈಗ ಆ ಏಳನೆಯದು. ನನ್ನದೇ ಕ್ವಾರ್ಟ್ಜ್ ವಾಚು. 377 ನಂಬರಿನ ಸೆಲ್ಲನ್ನು ಪ್ಲಾಸ್ಟಿಕ್ ಚಿಮುಟದಲ್ಲಿ ಹಿಡಿದು ಹಾಕಿದೆ, ಮುಳ್ಳು ಓಡಿತು. ಆ ಖುಷಿಯಲ್ಲಿ ಗಾಜನ್ನು ಬರೀ ಮೇಜಿಗೆ ಇಟ್ಟು ಮೇಲಿಂದ ಮೈಭಾರ ಹಾಕಿದೆ. ಮುಚ್ಚಳ ಕೂರಲಿಲ್ಲ, ಗಾಜು ಚಟ್ ಅಂದಿತು. 4ರ ಹತ್ತಿರದಿಂದ 11ರವರೆಗೆ ಒಂದೇ ಗೆರೆ.

ಅದಾದ ಮೇಲೆ ಕೈಯಲ್ಲಿ ಒತ್ತುವ ಪ್ರೆಸ್ ತರಿಸಿದೆ. ಅದರಲ್ಲೂ ಡೈ, ಅಂದರೆ ವಾಚಿನ ಮೇಲೆ ಕೆಳಗೆ ಇಡುವ ಅಚ್ಚು, ಆರಿಸುವುದರಲ್ಲೇ ಇರುವುದು ಎಲ್ಲ. ಕೆಳಗಿನ ಡೈ ಬಳೆಯ ಹಾಗೆ ಗಾಜಿನ ಸುತ್ತಲಿನ ಲೋಹಕ್ಕೆ ಮಾತ್ರ ತಾಗಬೇಕು. ಗಾಜಿಗೆ ತಾಗುವ ಡೈ ಇಟ್ಟರೆ ಮೇಜಿಗೂ ಪ್ರೆಸ್ಸಿಗೂ ವ್ಯತ್ಯಾಸವೇ ಇಲ್ಲ. ಒತ್ತುವ ಮೊದಲು ನೀರು ತಡೆಯುವ ರಬ್ಬರ್ ರಿಂಗು ತನ್ನ ತೋಡಿನಲ್ಲೇ ಕೂತಿದೆಯಾ ಅಂತ ಟಾರ್ಚ್ ಹಿಡಿದು ನೋಡುತ್ತೇನೆ. ರಿಂಗಿಗೆ ಸಿಲಿಕೋನ್ ಗ್ರೀಸ್ ಸುಮ್ನೆ ಸವರಿದಷ್ಟು ಸಾಕು, ಜಾಸ್ತಿಯಾದರೆ ಧೂಳು ಹಿಡಿಯುತ್ತದೆ.

ಮುಂದಿನ ವಾರಕ್ಕೆ ಭಾವ ತಮ್ಮ ವಾಚು ಕೊಡುತ್ತೇನೆ ಅಂದಿದ್ದಾರೆ. ನೀರು ತಡೆಯುವ ಮಟ್ಟ 100 ಮೀಟರ್ ಅಂತ ಹಿಂದೆ ಕೊರೆದಿದೆ. ಬೇಡ ಅಂದೆ. ತೆಗೆದು ಮುಚ್ಚಿದ ಮೇಲೆ ನೀರು ತಡೆಯುತ್ತಾ ಅಂತ ನೋಡುವ ಯಂತ್ರ ನನ್ನಲ್ಲಿಲ್ಲ, ಅವರು ಅದನ್ನು ಕಟ್ಟಿಕೊಂಡೇ ಈಜುತ್ತಾರೆ.