ಜನವರಿಯಲ್ಲಿ ಬ್ರೆನ್ನರ್ ದಾಟುವ ಮುನ್ನ ಟೈರ್ ನೋಡಿಕೊಳ್ಳಿ

ಜರ್ಮನಿಯ ಮ್ಯೂನಿಕ್‌ನಿಂದ ಆಸ್ಟ್ರಿಯಾದ ಇನ್ಸ್‌ಬ್ರುಕ್ ಮೇಲೆ ಹಾದು, ಬ್ರೆನ್ನರ್ ಘಾಟಿ ದಾಟಿ ಇಟಲಿಯ ಬೊಲ್ಜಾನೊಗೆ ಹೋಗುವ ದಾರಿ ಪೂರ್ತಿ ಮೋಟಾರ್‌ವೇ. ಘಾಟಿಯ ನೆತ್ತಿ ಸುಮಾರು 1370 ಮೀಟರ್, ಆಲ್ಪ್ಸ್ ಲೆಕ್ಕದಲ್ಲಿ ತಗ್ಗೇ. ಅದಕ್ಕೇ ಇದನ್ನು ಸುಲಭದ ದಾರಿ ಅನ್ನುತ್ತಾರೆ. ಬೇಸಿಗೆಗೆ ಆ ಮಾತು ಸರಿ. ನಾವು ಹೋದದ್ದು ಜನವರಿಯಲ್ಲಿ. ಒಂದೇ ಹಗಲಿನಲ್ಲಿ ಒಣ ರಸ್ತೆ, ಉಪ್ಪುನೀರು ಚಿಮ್ಮುವ ರಸ್ತೆ, ಹೊಸ ಹಿಮ, ಮತ್ತೆ ಒಣ ರಸ್ತೆ ಎಲ್ಲವೂ ಸಿಕ್ಕವು. ಈ ಹೊತ್ತಿನಲ್ಲಿ ಹೊರಡುವವರು ಎಂಜಿನ್‌ಗಿಂತ ಮೊದಲು ಟೈರ್ ನೋಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಚಳಿಗಾಲದ ಟೈರ್ ಹಿಮಕ್ಕೆ ಮಾತ್ರ ಅಂದುಕೊಳ್ಳಬೇಡಿ. ತಾಪಮಾನ 7 ಡಿಗ್ರಿಗಿಂತ ಕೆಳಗಿಳಿಯುತ್ತ ಹೋದಂತೆ ಬೇಸಿಗೆ ಟೈರಿನ ರಬ್ಬರ್ ಬಿರುಸಾಗಿ ಒಣ ರಸ್ತೆಯಲ್ಲೂ ಹಿಡಿತ ಕಳೆದುಕೊಳ್ಳುತ್ತದೆ. ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತು ಹುಡುಕಿ. ಬರೀ ‘ಎಂ+ಎಸ್’ (ಮಡ್ ಅಂಡ್ ಸ್ನೋ, ಅಂದರೆ ಕೆಸರು ಮತ್ತು ಹಿಮ) ಎಂದಿದ್ದರೆ ಸಾಲದು. ಹಿಮ, ಮಂಜುಗಡ್ಡೆ ಇರುವ ರಸ್ತೆಗೆ ಜರ್ಮನಿಯಲ್ಲಿ 2024ರ ಅಕ್ಟೋಬರ್‌ನಿಂದ ಅದು ನಡೆಯುವುದಿಲ್ಲ. ಬಾಡಿಗೆ ಕಾರು ತೆಗೆದುಕೊಳ್ಳುವವರು ಕೀಲಿ ಕೈಗೆ ಬಂದ ಕೂಡಲೇ ನಾಲ್ಕೂ ಚಕ್ರ ಸುತ್ತಿ ನೋಡಿ. ಟ್ರೆಡ್‌ನ, ಅಂದರೆ ಟೈರಿನ ಮೈಮೇಲಿನ ಗೀರುಗಳ, ಆಳ ಜರ್ಮನಿಯ ಕಾನೂನಿಗೆ 1.6 ಮಿಲಿಮೀಟರ್ ಸಾಕು, ಆದರೆ ಆಸ್ಟ್ರಿಯಾದಲ್ಲಿ ಸವೆದು 4 ಮಿಲಿಮೀಟರ್‌ಗಿಂತ ಕಡಿಮೆ ಉಳಿದದ್ದನ್ನು ಚಳಿಗಾಲದ ಟೈರ್ ಎಂದೇ ಪರಿಗಣಿಸುವುದಿಲ್ಲ. ಅಲ್ಲಿನ ನಿಯಮ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ. ಘಾಟಿಯಿಂದ ಬೊಲ್ಜಾನೊಗೆ ಇಳಿಯುವ ಇಟಲಿಯ ಎ22 ಹೆದ್ದಾರಿಯಲ್ಲಿ ನವೆಂಬರ್ 15ರಿಂದ ಏಪ್ರಿಲ್ 15ರವರೆಗೆ ಚಳಿಗಾಲದ ಟೈರ್ ಇರಬೇಕು, ಇಲ್ಲವೇ ಗಾಡಿಯಲ್ಲಿ ಸ್ನೋ ಚೈನ್ (ಹಿಮದಲ್ಲಿ ಹಿಡಿತಕ್ಕಾಗಿ ಚಕ್ರಕ್ಕೆ ಸುತ್ತುವ ಸರಪಳಿ) ಇರಬೇಕು.

ಇನ್ನು ಗಾಳಿಯ ವಿಚಾರ. ಹೆಚ್ಚಿನವರು ಅಸಡ್ಡೆ ಮಾಡುವುದು ಇದನ್ನೇ. ಹತ್ತು ಡಿಗ್ರಿ ಚಳಿ ಹೆಚ್ಚಾದರೆ ಟೈರಿನ ಒತ್ತಡ ಸುಮಾರು 0.1 ಬಾರ್ ಇಳಿಯುತ್ತದೆ. 15 ಡಿಗ್ರಿಯ ಬೆಚ್ಚಗಿನ ನೆಲಮಾಳಿಗೆಯಲ್ಲಿ ಗಾಳಿ ಸರಿಮಾಡಿಕೊಂಡು ಮೈನಸ್ 10ರ ಬೆಳಗಿಗೆ ಗಾಡಿ ತಂದರೆ ಕಾಲು ಬಾರ್ ಮಾಯ! ಟೈರ್ ಪಂಕ್ಚರ್ ಆಗಿಲ್ಲ, ಗಾಳಿ ಸೋರಿಲ್ಲ, ಕುಗ್ಗಿದೆ ಅಷ್ಟೇ. ಡ್ಯಾಶ್‌ಬೋರ್ಡ್‌ನ ಎಚ್ಚರಿಕೆ ದೀಪವನ್ನು ನಂಬಿ ಕೂರಬೇಡಿ, ಒತ್ತಡ ಸಾಕಷ್ಟು ಇಳಿದ ಮೇಲೆಯೇ ಅದು ಹೊತ್ತಿಕೊಳ್ಳುತ್ತದೆ. ಘಾಟಿಯ ಮೇಲೆ ನಿಲ್ಲಿಸಿ ಅಳೆದರೂ ಲೆಕ್ಕ ತಪ್ಪುತ್ತದೆ. ಓಡಿದ ಟೈರ್ ಬಿಸಿಯಾಗಿರುತ್ತದೆ, ಮೇಲಾಗಿ ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡ ಕಡಿಮೆ ಇರುವುದರಿಂದ ಗೇಜ್ ಮ್ಯೂನಿಕ್‌ಗಿಂತ ಇನ್ನೊಂದು 0.1 ಬಾರ್ ಹೆಚ್ಚು ತೋರಿಸುತ್ತದೆ. ಬೆಳಿಗ್ಗೆ ಗಾಡಿ ಕದಲಿಸುವ ಮುಂಚೆ, ರಾತ್ರಿಯೆಲ್ಲ ಹೊರಗೆ ನಿಂತ ಗಾಡಿಯ ತಣ್ಣನೆ ಟೈರ್ ಅಳೆಯುವುದೇ ಸರಿ. ಎಷ್ಟಿರಬೇಕೆಂಬುದು ಚಾಲಕನ ಬಾಗಿಲ ಪಕ್ಕದ ಚೀಟಿಯಲ್ಲಿದೆ; ತುಂಬಿದ ಗಾಡಿಗೆ ಬರೆದ ಅಂಕಿಯನ್ನೇ ನೋಡಿ. ಸಣ್ಣ ಗೇಜ್, ಸಿಗರೇಟ್ ಲೈಟರ್‌ಗೆ ಸಿಕ್ಕಿಸುವ ಪಂಪ್ ಎರಡೂ ಜೊತೆಗಿರಲಿ. ವಾಲ್ವ್ ಮುಚ್ಚಳ ಕಳೆದುಹೋಗಿದ್ದರೆ ಹೊಸದು ಹಾಕಿ, ಒಳಗೆ ನೀರು ಸೇರಿ ಹೆಪ್ಪುಗಟ್ಟಿದರೆ ಗಾಳಿ ಸೋರಬಹುದು.

ಹಿಮದಲ್ಲಿ ಓಡಿಸಿ, ರಾತ್ರಿ ನಿಲ್ಲಿಸಿ, ಬೆಳಿಗ್ಗೆ ಹೊರಟಾಗ ಸ್ಟಿಯರಿಂಗ್ ಗಡಗಡ ನಡುಗಿದರೆ ಗಾಬರಿಯಾಗಬೇಡಿ. ರಿಮ್ಮಿನ ಒಳಬದಿಯಲ್ಲಿ ಹಿಮ ಕಚ್ಚಿಕೊಂಡು ಗಟ್ಟಿಯಾಗಿ ಚಕ್ರದ ಸಮತೋಲ ಕೆಡಿಸಿರಬಹುದು. ಕೆಳಗೆ ಬಗ್ಗಿ ನೋಡಿ, ಬ್ರಷ್ಷಿನ ಹಿಡಿಯಿಂದ ಕೆಡವಿದರೆ ನಡುಕ ನಿಲ್ಲುತ್ತದೆ. ಆಮೇಲೂ ನಿಲ್ಲದಿದ್ದರೆ ಮುಂದೆ ಹೋಗದೆ ತೋರಿಸಿ.

ಚೈನ್ ಹಾಕುವುದನ್ನು ಹೊರಡುವ ಮೊದಲೇ ಒಣ ನೆಲದಲ್ಲಿ ಒಮ್ಮೆ ಅಭ್ಯಾಸ ಮಾಡಿ. ಎಂಜಿನ್ ತಿರುಗಿಸುವ ಚಕ್ರಗಳಿಗೆ ಹಾಕಬೇಕು, ಗಂಟೆಗೆ 50 ಕಿಲೋಮೀಟರ್ ಮೀರಬಾರದು.

ಬೊಲ್ಜಾನೊ ಸಮುದ್ರಮಟ್ಟದಿಂದ ಬರೀ 260 ಮೀಟರ್ ಎತ್ತರದಲ್ಲಿದೆ. ಇಳಿಯುತ್ತಿದ್ದಂತೆ ಹಗಲು ಬೆಚ್ಚಗಾಗಿ, ಮಧ್ಯಾಹ್ನ ಅಳೆದರೆ ಗಾಳಿ ಹೆಚ್ಚಾದಂತೆ ಕಾಣುತ್ತದೆ. ಆಗ ಬಿಸಿ ಟೈರಿನಿಂದ ಗಾಳಿ ಬಿಡಬೇಡಿ. ಮರಳಿ ಘಾಟಿ ಹತ್ತುವ ಬೆಳಿಗ್ಗೆ ಅದೇ ಟೈರಿಗೆ ಆ ಗಾಳಿ ಬೇಕಾಗುತ್ತದೆ.