ಮೈಸೂರಿನಲ್ಲಿ ಕೂತು ಅಮೆರಿಕದ ಕಂಪನಿಗೆ ಕೆಲಸ: ನೀವು ನೌಕರರೋ, ಕಾಂಟ್ರಾಕ್ಟರೋ?

ಮೊದಲು ಒಪ್ಪಂದ ಓದಿ. ಭಾರತದಲ್ಲಿ ಆ ಕಂಪನಿಯ ಶಾಖೆ ಇಲ್ಲದಿದ್ದರೆ ಸಾಮಾನ್ಯವಾಗಿ ನಿಮ್ಮನ್ನು ಸ್ವತಂತ್ರ ಕಾಂಟ್ರಾಕ್ಟರ್ ಎಂದೇ ತೆಗೆದುಕೊಂಡಿರುತ್ತಾರೆ. ಅಂದರೆ ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ, ಸಂಬಳದ ತೆರಿಗೆ ಪ್ರಮಾಣಪತ್ರ ಬರುವುದಿಲ್ಲ. ಆ ಖರ್ಚನ್ನೆಲ್ಲ ಲೆಕ್ಕ ಹಾಕಿಯೇ ದರ ಹೇಳಿ.

ನೀವು ಅಮೆರಿಕದವರಲ್ಲ ಎಂದು ತಿಳಿಸಲು ಕಂಪನಿ ಕೇಳುವ ಡಬ್ಲ್ಯೂ-8ಬಿಇಎನ್ ಫಾರ್ಮ್ ತುಂಬಿ ಕೊಡಿ. ಕೆಲಸ ನಡೆಯುವುದು ಭಾರತದಲ್ಲಾದ್ದರಿಂದ ಅಮೆರಿಕದಲ್ಲಿ ತೆರಿಗೆ ಹಿಡಿಯಬೇಕಿಲ್ಲ. ಇಲ್ಲಿ ಮಾತ್ರ ಪೂರ್ತಿ ಕಟ್ಟಬೇಕು: ಹಣಕಾಸು ವರ್ಷದಲ್ಲಿ 182 ದಿನ ಇಲ್ಲಿದ್ದರೆ ತೆರಿಗೆ ಲೆಕ್ಕದಲ್ಲಿ ನೀವು ನಿವಾಸಿ.

ತಾಂತ್ರಿಕ ಸಲಹೆಗಾರರಿಗೆ 1961ರ ಆದಾಯ ತೆರಿಗೆ ಕಾಯ್ದೆಯ 44ಎಡಿಎ ಸೆಕ್ಷನ್ ದೊಡ್ಡ ಅನುಕೂಲ ಕೊಟ್ಟಿತ್ತು. 2026ರ ಏಪ್ರಿಲ್ 1ರಿಂದ ಜಾರಿಯಾದ ಹೊಸ ಕಾಯ್ದೆಯಲ್ಲಿ ಸೆಕ್ಷನ್ ಸಂಖ್ಯೆ ಬೇರೆ, ಅನುಕೂಲ ಅದೇ. ವರ್ಷಕ್ಕೆ ಕೈಸೇರುವ ಒಟ್ಟು ಹಣ 50 ಲಕ್ಷದೊಳಗಿದ್ದರೆ (ನಗದು ಶೇ. 5 ಮೀರದಿದ್ದರೆ 75 ಲಕ್ಷ) ಅರ್ಧವನ್ನು ಲಾಭವೆಂದು ತೋರಿಸಿದರೆ ಸಾಕು. ಆದರೆ ಮುಂಗಡ ತೆರಿಗೆ ಮಾರ್ಚ್ 15ರೊಳಗೆ ಪೂರ್ತಿ ಕಟ್ಟಬೇಕು. ಹಣ ಕೊಡುವಾಗಲೇ ತೆರಿಗೆ (ಟಿಡಿಎಸ್) ಹಿಡಿಯುವವರೇ ಇಲ್ಲದ್ದರಿಂದ ಬಹಳ ಜನ ಇಲ್ಲೇ ಎಡವಿ ಬಡ್ಡಿ ತೆರುತ್ತಾರೆ. ಪ್ರತಿ ಬಿಲ್ ಬಂದಾಗಲೇ ತೆರಿಗೆಯ ಪಾಲನ್ನು ಬೇರೆ ಖಾತೆಗೆ ಹಾಕಿಡಿ.

ಜಿಎಸ್‌ಟಿ ಇನ್ನೊಂದು ಗುಂಡಿ. ರಫ್ತಿಗೆ ತೆರಿಗೆ ಶೂನ್ಯ, ನಿಜ. ಆದರೆ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ಡಾಲರ್ ಗಳಿಕೆಯೂ ಆ ಲೆಕ್ಕಕ್ಕೆ ಸೇರುತ್ತದೆ. ಪ್ರತಿ ಹಣಕಾಸು ವರ್ಷವೂ ಹೊಸದಾಗಿ ಎಲ್‌ಯುಟಿ (ತೆರಿಗೆ ಕಟ್ಟದೆ ರಫ್ತು ಮಾಡಲು ಕೊಡುವ ಮುಚ್ಚಳಿಕೆ ಪತ್ರ) ಸಲ್ಲಿಸಿ. ಮರೆತರೆ ಶೇ. 18 ಐಜಿಎಸ್‌ಟಿ (ಸಮಗ್ರ ಜಿಎಸ್‌ಟಿ) ಕಟ್ಟಿ ಮರುಪಾವತಿಗೆ ಕಾಯಬೇಕಾದೀತು.

ವಿದೇಶಿ ಹಣ ಯಾವುದಕ್ಕೆ ಬಂತೆಂದು ತಿಳಿಸುವ ಉದ್ದೇಶ ಕೋಡ್ ಅನ್ನು ಬ್ಯಾಂಕು ಕೇಳಿದಾಗ ಮನೆ ಖರ್ಚಿನ ಹಣ ಎಂದು ಬರೆಯಬೇಡಿ. ಸಾಫ್ಟ್‌ವೇರ್ ಸಲಹೆಗೆ ಪಿ0802 ಇದೆ. ವಿದೇಶಿ ಹಣ ಬಂದ ಪ್ರಮಾಣಪತ್ರವನ್ನು ಪ್ರತಿ ಬಿಲ್ಲಿನ ಜೊತೆ ಜೋಡಿಸಿಡಿ.