ಗ್ರೀಸ್‌ನಲ್ಲಿ ಹಾಯಿದೋಣಿ: ಒಂದು ವಾರ ಅಂದ್ರೆ ಐದೇ ರಾತ್ರಿ

ನಮ್ಮ ಮೊದಲ ಪ್ಲಾನ್ ಎಕ್ಸೆಲ್ ಶೀಟಿನಲ್ಲಿ ತಯಾರಾಯಿತು. ಅಥೆನ್ಸ್‌ನಿಂದ ಹೊರಟು ಮಿಕೊನೋಸ್, ಪಾರೋಸ್, ಸಾಂಟೊರಿನಿ ನೋಡಿ ಏಳನೇ ದಿನ ವಾಪಸ್. ಭಾವ ಒಂದೊಂದು ದ್ವೀಪಕ್ಕೆ ಒಂದೊಂದು ಬಣ್ಣ ಬೇರೆ ಹಚ್ಚಿದ್ದರು. ದೋಣಿ ಬಾಡಿಗೆಗೆ ಕೊಡುವವರಿಗೆ ಕಳಿಸಿದೆವು. ವಿಮಾನದಲ್ಲಿ ಹೋಗಿ ಅಂತ ನಯವಾಗಿ ಉತ್ತರ ಬಂತು.

ಲೆಕ್ಕ ಹಾಕಿದರೆ ಅವರು ಹೇಳಿದ್ದು ಸರಿ. ಹಾಯಿದೋಣಿ ಗಂಟೆಗೆ 5-6 ನಾಟಿಕಲ್ ಮೈಲಿ ಹೋಗುತ್ತದೆ, ಅಂದರೆ ಒಂಬತ್ತರಿಂದ ಹನ್ನೊಂದು ಕಿಲೋಮೀಟರ್. ಸೈಕಲ್ ಹೊಡೆಯುವ ಹುಡುಗ ನಮ್ಮನ್ನು ಹಿಂದೆ ಹಾಕುತ್ತಾನೆ. ಸಾಂಟೊರಿನಿ ಅಥೆನ್ಸ್‌ನಿಂದ ನೂರು ನಾಟಿಕಲ್ ಮೈಲಿಗಿಂತ ದೂರ. ಅದರ ಮೇಲೆ ಜುಲೈ-ಆಗಸ್ಟ್‌ನಲ್ಲಿ ಈ ದ್ವೀಪಗಳಿರುವ ಏಜಿಯನ್ ಸಮುದ್ರದಲ್ಲಿ ಉತ್ತರದಿಂದ ಮೆಲ್ತೆಮಿ ಎಂಬ ಗಾಳಿ ಬೀಸುತ್ತದೆ. ಆಕಾಶದಲ್ಲಿ ಒಂದು ಮೋಡ ಇರುವುದಿಲ್ಲ, ಆದರೆ ಗಾಳಿ ದಿನಗಟ್ಟಲೆ ಬಿಡುವುದಿಲ್ಲ. ಹೋಗುವಾಗ ಬೆನ್ನಿಗೆ ಬೀಸಿ ಖುಷಿ ಕೊಡುವ ಗಾಳಿ, ವಾಪಸ್ ಬರುವಾಗ ಮುಖಕ್ಕೇ ಹೊಡೆಯುತ್ತದೆ.

ಹಾಗಾಗಿ ಮೊದಲ ಸಲ ಹೋಗುವವರಿಗೆ ನನ್ನ ಮಾತು ಇಷ್ಟೇ. ಪಶ್ಚಿಮದ ಅಯೋನಿಯನ್ ಸಮುದ್ರದ ಕಡೆಗೆ ಹೋಗಿ, ಲೆಫ್ಕಾಡ, ಇಥಾಕ ದ್ವೀಪಗಳನ್ನು ಸುತ್ತಿ. ಇಲ್ಲವೇ ಅಥೆನ್ಸ್ ಪಕ್ಕದ ಸಾರೋನಿಕ್ ಕೊಲ್ಲಿ ಆರಿಸಿಕೊಳ್ಳಿ. ನಾವು ಆರಿಸಿದ್ದು ಸಾರೋನಿಕ್. ವಿಮಾನ ಇಳಿದು ಬಸ್ಸಿನಲ್ಲೇ ಬಾಡಿಗೆ ದೋಣಿಗಳು ನಿಲ್ಲುವ ಆಲಿಮೋಸ್ ಮರೀನಾಕ್ಕೆ ಹೋಗಬಹುದು, ಇನ್ನೊಂದು ವಿಮಾನದ ಖರ್ಚಿಲ್ಲ. ತಿಂಗಳು ಸೆಪ್ಟೆಂಬರ್ ಕೊನೆ. ನೀರು ಇನ್ನೂ ಬೆಚ್ಚಗಿತ್ತು, ಬಾಡಿಗೆ ಆಗಸ್ಟ್‌ಗಿಂತ ಕಮ್ಮಿ.

ಬಾಡಿಗೆ ಸಾಮಾನ್ಯವಾಗಿ ಶನಿವಾರದಿಂದ ಶನಿವಾರ. ಆದರೆ ಶನಿವಾರ ದೋಣಿ ಕೈಗೆ ಸಿಕ್ಕಾಗ ಸಂಜೆ ಐದು. ದಿನಸಿ ತುಂಬಿಸಿ, ಲೈಫ್ ಜಾಕೆಟ್ ಎಣಿಸಿ ಮುಗಿಸುವಷ್ಟರಲ್ಲಿ ಕತ್ತಲು. ಶುಕ್ರವಾರ ಸಂಜೆಯೊಳಗೆ ಡೀಸೆಲ್ ತುಂಬಿಸಿ ಅಲ್ಲೇ ವಾಪಸ್ ಕಟ್ಟಿರಬೇಕು. ದ್ವೀಪಗಳಲ್ಲಿ ಕಳೆಯಲು ಉಳಿಯುವುದು ಐದು ರಾತ್ರಿ. ಇದನ್ನು ಮೊದಲೇ ತಿಳಿದುಕೊಂಡಿದ್ದರೆ ಭಾವನ ಬಣ್ಣ ಉಳಿಯುತ್ತಿತ್ತು.

ದೋಣಿಯನ್ನು ನೀವೇ ನಡೆಸಬೇಕಾದರೆ ಅಲ್ಲಿ ಒಪ್ಪುವ ಲೈಸೆನ್ಸ್ ಬೇಕು, ಜೊತೆಗೆ ಕೆಲಸ ಗೊತ್ತಿರುವ ಇನ್ನೊಬ್ಬರು ಇರಬೇಕು. ನಮ್ಮ ಆರು ಜನರಲ್ಲಿ ಯಾರಿಗೂ ಹಗ್ಗ ಕಟ್ಟಲೂ ಬರುತ್ತಿರಲಿಲ್ಲ. ದೋಣಿ ನಡೆಸಲು ಒಬ್ಬ ಸ್ಕಿಪ್ಪರ್ ತಗೊಂಡೆವು. ದಿನಕ್ಕೆ 200 ಯೂರೊ, ಊಟ ನಮ್ಮದು. ಅವರಿಗೂ ಮಲಗಲು ಒಂದು ಕ್ಯಾಬಿನ್ ಬೇಕು ಅನ್ನುವುದನ್ನು ಮರೆಯಬೇಡಿ! ಆರು ಜನಕ್ಕೆ ಮೂರು ಕ್ಯಾಬಿನ್ ಸಾಕು ಅಂತ ಬುಕ್ ಮಾಡಲು ಹೊರಟಿದ್ದೆವು. ತಂಗಿ ಕೇಳಿದಳು, "ಪಾಪ, ಆ ಮನುಷ್ಯ ಎಲ್ಲಿ ಮಲಗಬೇಕು?" ನಾಲ್ಕು ಕ್ಯಾಬಿನ್ನಿನ ದೋಣಿಗೆ 3,400 ಯೂರೊ ಆಯಿತು. ಸ್ಕಿಪ್ಪರ್, ಕೊನೆಯ ಕ್ಲೀನಿಂಗ್, ಡೀಸೆಲ್, ಧಕ್ಕೆ (ದೋಣಿ ಕಟ್ಟುವ ಕಟ್ಟೆ) ಬಾಡಿಗೆ ಎಲ್ಲ ಸೇರಿ ತಲೆಗೆ 900 ಯೂರೊ ಹತ್ತಿರ. ಊಟ, ವಿಮಾನ, ಷೆಂಗೆನ್ ವೀಸಾ ಬೇರೆ. ದೋಣಿಗೆ ಡೆಪಾಸಿಟ್ ಅಂತ ಕಾರ್ಡಿನಲ್ಲಿ ದೊಡ್ಡ ಮೊತ್ತ ತಡೆಹಿಡಿಯುತ್ತಾರೆ. ಹೊರದೇಶದ ವಹಿವಾಟನ್ನು ಊರಲ್ಲೇ ಆನ್ ಮಾಡಿಸಿಕೊಂಡು ಹೊರಡಿ. ನನ್ನ ಕಾರ್ಡು ಎರಡು ಸಲ ಒಲ್ಲೆ ಅಂದಿತು.

ಮೊದಲ ದಿನ, ಭಾನುವಾರ, ಏಜಿನ ದ್ವೀಪ. ಮೂರು ಗಂಟೆಯ ದಾರಿ. ಧಕ್ಕೆಯ ಉದ್ದಕ್ಕೂ ಪಿಸ್ತಾ ಅಂಗಡಿಗಳು. ಬೆಟ್ಟದ ಮೇಲೆ ಸುಮಾರು 2,500 ವರ್ಷ ಹಳೆಯ ಅಫಾಯ ದೇವಾಲಯವಿದೆ, ಬಸ್ಸಿನಲ್ಲಿ ಹೋಗಿ ಬಂದೆವು. ಎರಡನೇ ದಿನ ಪೋರೋಸ್. ದ್ವೀಪಕ್ಕೂ ಎದುರಿನ ದಡಕ್ಕೂ ನಡುವೆ ಕಿರಿದಾದ ನೀರಿನ ದಾರಿ. ಅದರೊಳಗೆ ನುಗ್ಗುವಾಗ ಗಡಿಯಾರದ ಗೋಪುರ, ಗುಡ್ಡದ ತುಂಬ ಬಿಳಿ ಮನೆಗಳು ತೀರ ಹತ್ತಿರ ಬರುತ್ತವೆ.

ಮೂರನೇ ದಿನ ಹೊರಡಲೇ ಇಲ್ಲ. ಸ್ಕಿಪ್ಪರ್ ಬೆಳಿಗ್ಗೆ ಫೋನಿನಲ್ಲಿ ಗಾಳಿಯ ನಕ್ಷೆ ತೋರಿಸಿದರು. ಗಾಳಿಯ ಬಿರುಸು ಅಳೆಯುವ ಬ್ಯೂಫೋರ್ಟ್ ಅಳತೆಯಲ್ಲಿ 7. "ಇವತ್ತು ಇಲ್ಲೇ ಕಾಫಿ" ಅಂದರು. ಭಾವನಿಗೆ ಬೇಸರ, ಏಕೆಂದರೆ ಸ್ಪೆಟ್ಸೆಸ್ ದ್ವೀಪ ತಪ್ಪಿತು. ನನಗೆ ಪ್ರವಾಸದ ಒಳ್ಳೆಯ ದಿನ ಅದೇ. ಪುಟ್ಟ ದೋಣಿಯಲ್ಲಿ ಎದುರಿನ ಗಲಟಾಸ್‌ಗೆ ಹೋಗಿ ನಿಂಬೆ ತೋಟಗಳ ಕಡೆ ನಡೆದೆವು. ಮಧ್ಯಾಹ್ನ ಪೋರೋಸ್‌ಗೆ ಮರಳಿ, ಸಮುದ್ರದ ದೇವರು ಪೊಸೈಡನ್ನನ ದೇವಾಲಯದ ಜಾಗಕ್ಕೆ ಹೋದೆವು. ಈಗ ಉಳಿದಿರುವುದು ಬರೀ ಅಡಿಪಾಯದ ಕಲ್ಲುಗಳು. ಪ್ರಾಚೀನ ಅಥೆನ್ಸ್‌ನ ಹೆಸರಾಂತ ಮಾತುಗಾರ ಡೆಮಾಸ್ತೆನೀಸ್ ಕ್ರಿ.ಪೂ. 322ರಲ್ಲಿ ವಿಷ ತಗೊಂಡು ಸತ್ತದ್ದು ಅಲ್ಲೇ. ನಿಮ್ಮ ಪ್ಲಾನಿನಲ್ಲೂ ಒಂದು ದಿನ ಖಾಲಿ ಬಿಡಿ. ಗಾಳಿ ಆ ದಿನವನ್ನು ಕೇಳದಿದ್ದರೆ ಸುಮ್ನೆ ಈಜಿ.

ನಾಲ್ಕನೇ ದಿನ ಹೈಡ್ರಾ. ಊರಲ್ಲಿ ಕಾರು, ಬೈಕು ಓಡಿಸುವಂತಿಲ್ಲ. ಫ್ರಿಜ್ಜು, ಸಿಮೆಂಟು ಎಲ್ಲ ಹೇಸರಗತ್ತೆಯ ಬೆನ್ನ ಮೇಲೆ. ನೋಡಲು ಚೆಂದ, ದೋಣಿ ಕಟ್ಟಲು ತಲೆನೋವು. ಗ್ರೀಸ್‌ನಲ್ಲಿ ಮುಂದುಗಡೆ ಲಂಗರು ಬಿಟ್ಟು, ಹಿಂದಕ್ಕೆ ಸರಿದು, ಹಿಂಭಾಗವನ್ನು ಧಕ್ಕೆಗೆ ಕಟ್ಟುತ್ತಾರೆ. ಹೈಡ್ರಾ ಬಂದರು ಅಂಗೈಯಗಲ. ದೋಣಿಗಳು ಎರಡು-ಮೂರು ಸಾಲು ನಿಲ್ಲುತ್ತವೆ, ಒಬ್ಬರ ಸರಪಳಿ ಮೇಲೆ ಇನ್ನೊಬ್ಬರದು. ಬೆಳಿಗ್ಗೆ ನಮ್ಮ ಲಂಗರು ಎತ್ತಿದರೆ ಪಕ್ಕದವರದ್ದೂ ಜೊತೆಗೇ ಮೇಲೆ ಬಂತು. ಬಿಡಿಸಲು ಮುಕ್ಕಾಲು ಗಂಟೆ, ಅಷ್ಟೂ ಹೊತ್ತು ಧಕ್ಕೆಯ ಹೋಟೆಲಿನವರಿಗೆ ಪುಕ್ಕಟೆ ಮನರಂಜನೆ. ಅಲ್ಲಿಗೆ ಮಧ್ಯಾಹ್ನ ಹನ್ನೆರಡರೊಳಗೆ ತಲುಪಿ. ಅಥವಾ ದೋಣಿಯನ್ನು ಎದುರಿನ ಎರ್ಮಿಯೋನಿಯಲ್ಲಿ ಕಟ್ಟಿ ಫೆರ್ರಿಯಲ್ಲಿ ಹೋಗಿ ಬನ್ನಿ. ಮತ್ತೆ ಹೋದರೆ ನಾನು ಹಾಗೇ ಮಾಡುತ್ತೇನೆ.

ಸಸ್ಯಾಹಾರಿಗಳು ಹೆದರಬೇಕಿಲ್ಲ. "ಫಾವ" ಕೇಳಿ. ಹಳದಿ ಬೇಳೆ ಬೇಯಿಸಿ ಮಸೆದು ಎಣ್ಣೆ, ಈರುಳ್ಳಿ ಹಾಕಿರುತ್ತಾರೆ, ನಮ್ಮ ತೊವ್ವೆಯ ದೂರದ ನೆಂಟ. ಟೊಮೆಟೊ ರಸದ ದೊಡ್ಡ ಬಿಳಿ ಕಾಳು "ಗಿಗಾಂತೆಸ್", ಅನ್ನ ತುಂಬಿದ ದೊಣ್ಣೆಮೆಣಸು "ಗೆಮಿಸ್ಟಾ" ಕೂಡ ಸಿಗುತ್ತವೆ. ಗೆಮಿಸ್ಟಾದಲ್ಲಿ ಮಾಂಸ ಇದೆಯಾ ಅಂತ ಕೇಳಿಕೊಳ್ಳಿ. "ನಿಸ್ತಿಸಿಮೊ" ಅಂದರೆ ಅವರ ಉಪವಾಸದ ಊಟ. ಮಾಂಸ, ಹಾಲು, ಮೊಟ್ಟೆ ಇರುವುದಿಲ್ಲ. ಆದರೆ ಆಕ್ಟೋಪಸ್, ಸಿಗಡಿ ಅವರ ಉಪವಾಸಕ್ಕೆ ನಡೆಯುತ್ತವೆ, ಎಚ್ಚರ! ದೋಣಿಯಲ್ಲಿ ಗ್ಯಾಸ್ ಒಲೆ ಇರುತ್ತದೆ. ನಾವು ಅವಲಕ್ಕಿ, ಚಟ್ನಿಪುಡಿ, ಉಪ್ಪಿನಕಾಯಿ ಒಯ್ದಿದ್ದೆವು. ಗ್ರೀಕ್ ಮೊಸರಿನಲ್ಲಿ ಕಲಸಿದ ಮೊಸರನ್ನವನ್ನು ಸ್ಕಿಪ್ಪರ್ ಎರಡು ಸಲ ಹಾಕಿಸಿಕೊಂಡರು.

ಗಟ್ಟಿ ಸೂಟ್‌ಕೇಸ್ ಬೇಡ, ಇಡಲು ಜಾಗವೇ ಇಲ್ಲ. ಮಡಚುವ ಬಟ್ಟೆಯ ಬ್ಯಾಗು ತನ್ನಿ. ಟ್ಯಾಂಕಿನ ನೀರು ಎಲ್ಲರಿಗೂ ಸೇರಿ, ಸ್ನಾನ ಎರಡು ನಿಮಿಷ. ಟಾಯ್ಲೆಟ್‌ಗೆ ಕಾಗದ ಹಾಕಿದರೆ ಪೈಪ್ ಕಟ್ಟಿಕೊಳ್ಳುತ್ತದೆ, ರಿಪೇರಿ ದುಡ್ಡು ನಿಮ್ಮದೇ. ವಾಂತಿ ಬರುವವರು ಮಾತ್ರೆಯನ್ನು ಹೊರಡುವ ಮೊದಲೇ ನುಂಗಬೇಕು, ಬಂದ ಮೇಲೆ ಪ್ರಯೋಜನ ಇಲ್ಲ. ಒಳಗೆ ಮಲಗಬೇಡಿ, ಮೇಲೆ ಕೂತು ದೂರದ ದಡ ನೋಡಿ. ಭಾವ ಎರಡು ದಿನ ಚುಕ್ಕಾಣಿ ಹಿಡಿದೇ ಕೂತಿದ್ದರು. ಆಸೆಯಿಂದಲ್ಲ, ಅಲ್ಲಿ ಕೂತರೆ ಮಾತ್ರ ಹೊಟ್ಟೆ ಸುಮ್ಮನಿರುತ್ತಿತ್ತು.

ಐದನೇ ರಾತ್ರಿ ಏಜಿನದ ಪೆರ್ಡಿಕ, ಶುಕ್ರವಾರ ಆಲಿಮೋಸ್. ಅಲ್ಲಿ ಡೀಸೆಲ್‌ಗೆ ಉದ್ದ ಸಾಲು ಇತ್ತು, ಮಧ್ಯಾಹ್ನ ಎರಡರೊಳಗೆ ಬಂದರೆ ಒಳ್ಳೆಯದು. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ದೋಣಿ ಖಾಲಿ ಮಾಡಬೇಕು. ಅವತ್ತೇ ಅಥೆನ್ಸ್‌ನ ಅಕ್ರೊಪೊಲಿಸ್ ಗುಡ್ಡ ನೋಡುವುದಾದರೆ ಟಿಕೆಟ್ಟಿಗೆ ಸಮಯ ಗೊತ್ತುಮಾಡಬೇಕು, ಸಂಜೆಯದನ್ನು ತಗೊಳ್ಳಿ. ನಾವು ಹನ್ನೊಂದಕ್ಕೆ ಹತ್ತಿದೆವು. ಅಲ್ಲಿನ ಪಾರ್ಥೆನಾನ್ ದೇವಾಲಯದ ಮುಂದೆ ನಿಂತಾಗ ನೆಲ ಇನ್ನೂ ತೂಗುತ್ತಿತ್ತು. ತಂಗಿ ನನ್ನ ತೋಳು ಹಿಡಿದುಕೊಂಡೇ ಫೋಟೊ ತೆಗೆಸಿಕೊಂಡಳು.